ಹುಲಿಗೆವ್ವ ಅರ್ಧಕ್ಕೆ ನಿಲ್ಲಿಸಿದ ಪದ

ಬಹಳ ಹಿಂದೆ, ಎರಡು ಹೊಳೆಗಳ ನಡುವಿನ ಕಲ್ಲುಸೀಮೆಯಲ್ಲಿ ಒಂದೂರು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ನಮ್ಮಜ್ಜನಿಗೆ ಅವನಜ್ಜ ಈ ಮಾತು ಹೇಳುವಾಗಲೂ ‘ಬಹಳ ಹಿಂದೆ’ ಅಂತಲೇ ಶುರು ಮಾಡಿದ್ದನಂತೆ. ಆ ಊರಿನ ಕಂಬಳಿ ನೇಯುವವರ ಮನೆಯಲ್ಲಿ ಅಕ್ಕ ತಮ್ಮ ಇಬ್ಬರಿದ್ದರು. ಹುಲಿಗೆಮ್ಮನಿಗೆ ಹರಕೆ ಹೊತ್ತು ಹುಟ್ಟಿದವಳು ಹುಲಿಗೆವ್ವ. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದವನು ಮೌಲಪ್ಪ. ಅಕ್ಕ ಏಕತಾರಿ ಹಿಡಿದು ತತ್ವದ ಪದ ಹಾಡುತ್ತಿದ್ದಳು. ತಮ್ಮ ಪಕ್ಕದಲ್ಲಿ ಕೂತು ದಮ್ಮಡಿ ಬಾರಿಸುತ್ತಿದ್ದ.

ಹುಲಿಗೆವ್ವ ಹಾಡಿದರೆ ಗಾಣದ ಎತ್ತು ನಿಂತು ಕೇಳುತ್ತಿತ್ತಂತೆ. ಜಗಳವಾಡುತ್ತಿದ್ದ ಸವತಿಯರು ಬೈಗುಳ ಬಾಯಲ್ಲೇ ಇಟ್ಟುಕೊಂಡು ಕೂತುಬಿಡುತ್ತಿದ್ದರಂತೆ. ಜನ ಹೀಗೆಲ್ಲ ಹೇಳುತ್ತಾರೆ. ಮೌಲಪ್ಪನನ್ನು ಕೇಳಿದ್ದರೆ ಬೇರೆಯೇ ಹೇಳುತ್ತಿದ್ದ. “ನಮ್ಮಕ್ಕನ ದನಿ ಛಲೋ ಐತಿ. ಆದ್ರ ಅಕಿ ಕಣ್ಣು ಸುಮ್ಮನಿರಂಗಿಲ್ಲ. ಕೆಟ್ಟ ಕಣ್ಣು ಅವು,” ಅನ್ನುತ್ತಿದ್ದ.

ಯಾಕೆ ಹಾಗನ್ನುತ್ತಿದ್ದ ಅಂದರೆ, ಹುಲಿಗೆವ್ವನಿಗೆ ಒಂದು ಖೋಡಿ ರೂಢಿ ಇತ್ತು. ಯಾವುದೇ ಊರಿನವರು ಪದಕ್ಕೆ ಕರೆಯಲಿ, ಹೋದ ಕೂಡಲೇ ಏಕತಾರಿಯನ್ನು ಗುಡಿಯ ಮೂಲೆಗೆ ಒರಗಿಸಿ, ಊರನ್ನು ಒಂದು ಸುತ್ತು ಹಾಕಿ ಬರುತ್ತಿದ್ದಳು. ಬಂದವಳು ಹಾಡಲು ಕೂರುತ್ತಿರಲಿಲ್ಲ. ಮೊದಲ ಊರಲ್ಲಿ ಹೀಗೇ ಆಯಿತಂತೆ. ಚಪ್ಪರ ಹಾಕಿದ್ದಾರೆ, ಜಮಖಾನೆ ಹಾಸಿದ್ದಾರೆ, ಜನ ಕೂತಿದ್ದಾರೆ. ಇವಳು ಸುತ್ತು ಹಾಕಿ ಬಂದು, “ನಿಮ್ಮೂರ ಬಾವ್ಯಾಗ ಮೂರಾಳು ಹೂಳು ಕುಂತೈತಿ. ಅದನ್ನ ತಗದ ಮ್ಯಾಲ ಪದ,” ಅಂದಳಂತೆ. ಜನ ನಕ್ಕರು. ಇವಳು ನಗಲಿಲ್ಲ. ಸೀರೆ ಕಚ್ಚೆ ಹಾಕಿ, ಬುಟ್ಟಿ ಹಿಡಿದು, ತಾನೇ ಬಾವಿಗಿಳಿದಳು. ಹಾಡುವಾಕೆ ಬಾವಿಗಿಳಿದ ಮೇಲೆ ದಮ್ಮಡಿಯವನು ದಡದಲ್ಲಿ ನಿಲ್ಲಲಾದೀತೇ? ಮೌಲಪ್ಪನೂ ಇಳಿದ. ಆಮೇಲೆ ಊರೂ ಇಳಿಯಿತು. ಹೂಳು ತೆಗೆಯಲು ನಾಲ್ಕು ದಿನ, ಹಾಡಲು ಒಂದು ಮಧ್ಯಾಹ್ನ.

ಇನ್ನು ಈ ಅಕ್ಕನನ್ನು ಯಾರೂ ಕರೆಯುವುದಿಲ್ಲ, ಮನೆಯಲ್ಲಿ ಕಂಬಳಿ ನೇಯುತ್ತ ಆರಾಮಾಗಿ ಕೂರಬಹುದು ಅಂತ ಮೌಲಪ್ಪ ಅಂದುಕೊಂಡ. ಪದಕ್ಕೆ ಕರೆದವರಿಂದ ಕೆಲಸ ಮಾಡಿಸಿದರೆ ಯಾರು ಕರೆದಾರು? ಆದರೆ ಜನರ ಬುದ್ಧಿ ಯಾರಿಗೆ ತಿಳಿದೀತು. ದುಡಿಸಿಕೊಂಡಷ್ಟೂ ಕರೆಯತೊಡಗಿದರು. ಈ ಊರಿಗೆ ಹುಲಿಗೆವ್ವ ಬಂದು ಹೋದಳು ಅಂದರೆ ಪಕ್ಕದೂರಿಗೆ ಅವಮಾನ. “ನಮ್ಮೂರಿಗೂ ಬರ್ರೆವ್ವಾ” ಅಂತ ಬಂಡಿ ಕಟ್ಟಿಕೊಂಡು ಬಂದರು. ಒಂದೂರಲ್ಲಿ ಗಂಡ ಸತ್ತವಳ ಮನೆಗೆ ಚಾವಣಿ ಇರಲಿಲ್ಲ. ಅದನ್ನು ಹೊದಿಸಿದ ಮೇಲೆ ಪದ. ಇನ್ನೊಂದೂರಲ್ಲಿ ಹಳ್ಳ ದಾಟಲು ದಾರಿಯಿಲ್ಲದೆ ಬಾಣಂತಿಯೊಬ್ಬಳು ಸತ್ತಿದ್ದಳು. ಅಲ್ಲಿ ಹದಿನೆಂಟು ದಿನ ಕಲ್ಲು ಹೊತ್ತರು. ಮೌಲಪ್ಪನ ಬೆರಳು ದಮ್ಮಡಿಗೆ ಅಂತಲೇ ಹುಟ್ಟಿದ ಬೆರಳು. ಅವು ಬೊಬ್ಬೆ ಬಂದು, ಒಡೆದು, ಮತ್ತೆ ಬೊಬ್ಬೆ ಬಂದು, ಕೊನೆಗೆ ಒಕ್ಕಲಿಗನ ಬೆರಳಾದವು.

ಅದಕ್ಕಿಂತ ಅವನ ತಲೆ ಕೆಡಿಸಿದ್ದು ಬೇರೆ. ಒಮ್ಮೆ ದಾರಿಯ ಅರವಟಿಗೆಯಲ್ಲಿ ನೀರು ಕುಡಿಯುತ್ತಿದ್ದಾಗ ಇಬ್ಬರು ಮಾತಾಡಿಕೊಳ್ಳುತ್ತಿದ್ದರಂತೆ. ಹುಲಿಗೆವ್ವ ಬಾವಿಯ ಕಟ್ಟೆಯ ಮೇಲೆ ಕೂತು ಒಂದು ಪದ ಹಾಡಿದಳಂತೆ, ಹೂಳೆಲ್ಲ ತಾನೇ ಕರಗಿ ನೀರು ಉಕ್ಕಿತಂತೆ. ಮೌಲಪ್ಪ ಚಂಬು ಕೆಳಗಿಟ್ಟ.

“ಕರಗಿತಾ? ನಾಕ್ನೂರು ಬುಟ್ಟಿ ಹೊತ್ತೀನಿ ನಾನು! ನೋಡ್ರಿಲ್ಲೆ!” ಅಂತ ಅಂಗೈ ತೋರಿಸಿದ.

ಅವರು ಅವನ ಅಂಗೈ ನೋಡಿದರು, ಮುಖ ನೋಡಿದರು. “ಪಾಪ, ಬಿಸಲಾಗ ನಡದು ಬಂದಾನ,” ಅಂದುಕೊಂಡು ಹೊರಟುಹೋದರು.

ಹೀಗೆ ಆರೇಳು ವರ್ಷ ಕಳೆದ ಮೇಲೆ ಮೌಲಪ್ಪ ಒಂದು ಉಪಾಯ ಮಾಡಿದ. ಅಕ್ಕ ಊರು ಮುಟ್ಟುವ ನಾಲ್ಕು ದಿನ ಮೊದಲೇ ತಾನೊಬ್ಬನೇ ಹೋಗುವುದು, ಅಕ್ಕನ ಕಣ್ಣಿಗೆ ಏನೇನು ಬಿದ್ದೀತು ಅಂತ ನೋಡುವುದು, ಊರವರನ್ನು ಹೆದರಿಸಿ ಎಲ್ಲ ಸರಿ ಮಾಡಿಸಿಬಿಡುವುದು. “ಅಕಿ ಬಂದ್ರ ತಿಂಗಳಗಟ್ಟಲೆ ದುಡಸ್ತಾಳ. ಈಗ ಮಾಡಿದ್ರ ಮೂರ ದಿನದಾಗ ಮುಗಿತೈತಿ. ಏಳ್ರಿ!” ಅನ್ನುತ್ತಿದ್ದ. ಊರವರು ಏಳುತ್ತಿದ್ದರು. ಹುಲಿಗೆವ್ವ ಬಂದು ಸುತ್ತು ಹಾಕಿ, ಏನೂ ಸಿಗದೆ, ನೇರ ಹಾಡಲು ಕೂರುತ್ತಿದ್ದಳು. ಅವಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು ಅಂತ ಕೆಲವರು ಹೇಳುತ್ತಾರೆ. ಮೌಲಪ್ಪ ಮಾತ್ರ ಅಕ್ಕನನ್ನು ಯಾಮಾರಿಸಿದೆ ಅಂತ ಖುಷಿಯಲ್ಲಿದ್ದ. ತಾನು ಅಕ್ಕನಿಗಿಂತ ಹೆಚ್ಚು ಊರುಗಳನ್ನು ರಿಪೇರಿ ಮಾಡುತ್ತಿದ್ದೇನೆ ಅನ್ನುವುದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಆಗ ಬಂತು ಕರೇಬಂಡಿಯ ಕರೆ.

ಕರೇಬಂಡಿ ಅಂದರೆ ಗುಡ್ಡದ ಮೇಲಿನ ಊರು. ಅಲ್ಲಿಯ ಗೌಡ ಮುದಕನಗೌಡ. ಅವನಿಗೆ ಬಹಳ ವರ್ಷಕ್ಕೆ ಗಂಡು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಹುಲಿಗೆವ್ವನ ಪದ ಆಗಬೇಕು ಅಂತ ಅವನ ತಾಯಿ, ದೊಡ್ಡ ಗೌಡಶಾನಿ, ಹಟ ಹಿಡಿದಿದ್ದಳು. ಮೌಲಪ್ಪ ಮೊದಲೇ ಹೋಗಿ ನೋಡಿದ. ಬಾವಿ ತುಂಬಿ ತುಳುಕುತ್ತಿದೆ. ಮನೆಮನೆಗೂ ಗಟ್ಟಿ ಚಾವಣಿ. ದಾರಿಯಲ್ಲಿ ಒಂದು ಮುಳ್ಳಿಲ್ಲ. ಅವನಿಗೆ ಕುಣಿಯುವಷ್ಟು ಸಂತೋಷವಾಯಿತಂತೆ. ಗೌಡನ ವಾಡೆಯ ಕಟ್ಟೆಯ ಮೇಲೆ ಕಾಲು ಚಾಚಿ ಮೂರು ದಿನ ಮಲಗಿದ.

ಮೂರನೆಯ ದಿನ ಅವನೊಂದು ನೋಡಿದ. ವಾಡೆಯ ಅಂಗಳಕ್ಕೆ ಎರಡಾಳೆತ್ತರದ ಕಲ್ಲಿನ ಗೋಡೆ. ಗೋಡೆಯಾಚೆ ಇಳಿಜಾರಿನಲ್ಲಿ ಕೇರಿ, ಹನ್ನೊಂದು ಮನೆ. ಆ ಊರಲ್ಲಿ ಯಾವ ತೊಟ್ಟಿಲು ಕಟ್ಟಿದರೂ ಹಗ್ಗ ಹೊಸೆದು ಕೊಡುವವರು ಕೇರಿಯವರೇ. ಆ ಹೊತ್ತು ಆಚೆಯಿಂದ ಯಾರೋ ಹೊಸ ಹಗ್ಗದ ಸಿಂಬಿಯನ್ನು ಗೋಡೆಯ ಮೇಲಿಂದ ಒಳಗೆಸೆದರು. ಆಳುಮಗ ಅದರ ಮೇಲೆ ನೀರು ಚಿಮುಕಿಸಿ, ಕೋಲಿನಿಂದ ಎತ್ತಿಕೊಂಡು ಒಳಗೊಯ್ದ. ಕೇರಿಯವರು ಅಂಗಳಕ್ಕೆ ಬರುವಂತಿಲ್ಲ, ಪದವನ್ನು ಗೋಡೆಯಾಚೆ ನಿಂತೇ ಕೇಳಬೇಕು.

ಮೌಲಪ್ಪ ನೋಡಿದ. ನೋಡಿ ಮಗ್ಗುಲು ಬದಲಿಸಿದ. ಅವನಿಗೆ ಸಾಕಾಗಿತ್ತು. ಬಾವಿಯ ಹೂಳಾದರೆ ತೆಗೆಯಬಹುದು, ಇದಕ್ಕೆ ಯಾವ ಸಲಿಕೆ ಹಾಕುವುದು? ಒಂದೂರಾದರೂ ಹಾಗೇ ಇರಲಿ ಅಂದುಕೊಂಡ.

ಹುಲಿಗೆವ್ವ ಬಂದಾಗ ಅವಳ ಹಿಮ್ಮಡಿಗೆ ಮುಳ್ಳು ಮುರಿದು ಕಾಲು ಬಾತಿತ್ತು. ಗೌಡನ ಬಂಡಿಯಿಂದ ಇಳಿದವಳು ನಡೆಯಲಾರದೆ ಚಪ್ಪರದ ಕಂಬ ಹಿಡಿದು ನಿಂತಳು.

“ತಮ್ಮಾ, ನನಗಿವತ್ತು ಸುತ್ತು ಹಾಕಾಕ ಆಗಂಗಿಲ್ಲ. ನೀ ನೋಡೀದ್ಯಾ?” ಅಂದಳು.

“ನೋಡೀನಿ,” ಅಂದ ಮೌಲಪ್ಪ.

“ಎಲ್ಲಾ ಛಲೋ ಐತಾ?”

“ಎಲ್ಲಾ ಛಲೋ ಐತಿ, ಕುಂದ್ರಕ್ಕಾ.”

ತಮ್ಮ ಹೇಳಿದ ಅಂತ ಅವಳು ಕೂತಳು. ಮಧ್ಯಾಹ್ನದ ಬಿಸಿಲು, ಅಂಗಳದ ತುಂಬ ಜನ, ನಡುವೆ ತೊಟ್ಟಿಲು. ಹುಲಿಗೆವ್ವ ಕಣ್ಣೆದುರಿಗೆ ಕಂಡದ್ದನ್ನೇ ಪದ ಕಟ್ಟುವವಳು. ಹೊಸ ಹಗ್ಗ ನೋಡಿ ಅಲ್ಲೇ ಕಟ್ಟಿದಳಂತೆ:

ತೊಟ್ಟಿಲು ಕಂಡೆ, ಕೂಸು ಕಂಡೆ,
ಹಗ್ಗ ಹೊಸೆದ ಕೈ ಕಾಣೆ.

ಪದದ ಸೊಲ್ಲನ್ನು, ಅಂದರೆ ಪಲ್ಲವಿಯನ್ನು, ಕೇಳುವವರು ಎತ್ತಿ ಹಿಡಿಯಬೇಕು, ಅದು ಪದ್ಧತಿ. ಅಂಗಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಎತ್ತಿದರು. ಆದರೆ ಗೋಡೆಯಾಚೆಯಿಂದ ಒಂದು ಮುದಿದನಿ ಗಟ್ಟಿಯಾಗಿ ಎತ್ತಿತು. ಅದು ಗಾಳೆವ್ವನ ದನಿ. ಆ ಹಗ್ಗ ಹೊಸೆದವಳು ಅವಳೇ. ಪದದಲ್ಲಿ ತನ್ನನ್ನೇ ಕೇಳಿದರು ಅಂದುಕೊಂಡು ಓಗೊಟ್ಟಿದ್ದಳು.

ಹುಲಿಗೆವ್ವ ತಂತಿಯ ಮೇಲೆ ಬೆರಳಿಟ್ಟು ನಾದ ನಿಲ್ಲಿಸಿದಳು.

“ಗ್ವಾಡಿ ಆಚೆ ಯಾರದಾರ?”

“ಕೇರಿಯವ್ರು. ಅವ್ರಿಗೆ ಅಲ್ಲಿಂದ್ಲೇ ಕೇಳತೈತಿ, ನೀ ಹಾಡು,” ಅಂದ ಗೌಡ.

ಹುಲಿಗೆವ್ವ ಗೌಡನ ಕಡೆ ನೋಡಲಿಲ್ಲ. ತಮ್ಮನ ಕಡೆ ನೋಡಿದಳು. “ನೀ ನೋಡಿದ್ದಿ?”

ಮೌಲಪ್ಪ ದಮ್ಮಡಿಯ ಚರ್ಮ ತಿಕ್ಕುತ್ತ, “ನೋಡಿದ್ದೆ,” ಅಂದ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಏಕತಾರಿ ಹೆಗಲಿಗೇರಿಸಿ, ಕುಂಟುತ್ತ, ತುಂಬಿದ ಅಂಗಳ ದಾಟಿ ಹೊರಟಳು. “ಅವ್ರು ಒಳಗ ಬಂದ ದಿನ ಉಳದ ಅರ್ಧ ಹಾಡ್ತೀನಿ,” ಅಂದಳು. ಗೌಡ ಎದ್ದು ನಿಂತು, ಕೂಸಿನ ತೊಟ್ಟಿಲ ಮುಂದೆ ಪದ ಅರ್ಧಕ್ಕೆ ಬಿಟ್ಟು ಹೋಗುತ್ತೀಯಾ, ಅಪಶಕುನ ಮಾಡುತ್ತೀಯಾ ಅಂತ ಕೂಗಿದ. ಅವಳು ತಿರುಗಿ ನೋಡಲಿಲ್ಲವಂತೆ.

ಕೇರಿಗೆ ಹೋದರೆ ಅಲ್ಲಿ ಜನ ಹೂಮಾಲೆ ಹಿಡಿದು ನಿಂತಿದ್ದರು ಅಂತ ಕೆಲವರು ಕತೆ ಹೇಳುತ್ತಾರೆ. ಅದು ಸುಳ್ಳು. ಗಾಳೆವ್ವ ಬಾಗಿಲಲ್ಲಿ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದಳು.

“ಏನ್ ಮಾಡಿಬಿಟ್ಟೆವ್ವಾ ನೀನು! ನಾ ಸುಮ್ಮನ ಸೊಲ್ಲು ಹಿಡದೆ. ನಿನಗ್ಯಾರು ಕೇಳಿದ್ರು? ನಾಳೆ ಬೆಳಗಾದ್ರ ನೀ ಏಕತಾರಿ ಹೊತಗೊಂಡು ಮುಂದಿನೂರಿಗೆ ಹೋಗ್ತಿ. ಹೊಡತ ತಿನ್ನಾಕ ಇಲ್ಲಿರವ್ರು ನಾವು. ಹಾಡಿ ಹೋಗವ್ರು ನಮಗ ಬ್ಯಾಡ.”

ಅಷ್ಟು ಊರು ತಿರುಗಿದ ಹುಲಿಗೆವ್ವನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಅವಳು ಏಕತಾರಿಯನ್ನು ಗಾಳೆವ್ವನ ಮನೆಯ ಗೂಟಕ್ಕೆ ನೇತುಹಾಕಿದಳು.

“ಖರೆ ಐತೆವ್ವಾ. ನಾ ಹೋಗಂಗಿಲ್ಲ,” ಅಂದಳು.

ಮೌಲಪ್ಪನಿಗೆ ತಡೆಯಲಾಗಲಿಲ್ಲ. ಹನ್ನೆರಡು ಊರಿಗೆ ಮಾತು ಕೊಟ್ಟಿದೆ, ಚಪ್ಪರ ಹಾಕಿ ಕಾಯುತ್ತಿದ್ದಾರೆ, ಅವರಿಗೆ ಏನು ಹೇಳಲಿ, ನಿನಗೆ ತಲೆ ಸರಿ ಇದೆಯೇ ಅಂತ ಕೂಗಾಡಿದ.

“ಹೋಗಿ ಹೇಳಿ ಬಾ,” ಅಂದಳು ಅಕ್ಕ.

“ಏನಂತ ಹೇಳ್ಲಿ?”

“ನೀ ಏನು ಕಂಡಿದ್ಯೋ ಅದನ್ನ.”

ಮೌಲಪ್ಪ ದಮ್ಮಡಿ ಕಂಕುಳಿಗೆ ಸಿಕ್ಕಿಸಿಕೊಂಡು, ಅಕ್ಕನನ್ನೂ ಗೌಡನನ್ನೂ ಗಾಳೆವ್ವನನ್ನೂ ಬೈಯುತ್ತ ಗುಡ್ಡ ಇಳಿದ. ಮೊದಲ ಊರಲ್ಲಿ ಅಕ್ಕನ ಕಾಲು ಬಾತಿದೆ, ಬರುವುದಿಲ್ಲ ಅಂದ. ಅದೂ ಸುಳ್ಳಲ್ಲವಲ್ಲ. ಆ ಊರವರು ಮರುಗಿ, ಬೇರು ಅರೆದು, ಎಣ್ಣೆ ಕಾಸಿ, ಗಡಿಗೆ ತುಂಬಿ ಅವನ ತಲೆಯ ಮೇಲೇ ಹೊರಿಸಿದರು. ಅದನ್ನು ಹೊತ್ತು ವಾಪಸು ಗುಡ್ಡ ಹತ್ತಿ ಬಂದು ಕೊಟ್ಟ. ಇನ್ನು ಸುಳ್ಳು ಹೇಳುವುದು ತ್ರಾಸಿನ ಕೆಲಸ ಅಂತ ಎರಡನೆಯ ಊರಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ. ಗೋಡೆಯ ಮೇಲಿಂದ ಹಗ್ಗ ಎಸೆದದ್ದನ್ನು ಕಂಡೆ, ಕಂಡೂ ಅಕ್ಕನಿಗೆ ಹೇಳಲಿಲ್ಲ, ಎಲ್ಲ ಛಲೋ ಇದೆ ಅಂದೆ. ಜನ ಬಿಟ್ಟರೇ? ಪದ ಎಲ್ಲಿಗೆ ನಿಂತಿತು ಅಂತ ಕೇಳಿದರು.

ಮೌಲಪ್ಪನ ದನಿ ಹರಿದ ಕಂಬಳಿಯ ಹಾಗೆ. ಅವನು ಹುಟ್ಟಿದಾಗಿನಿಂದ ಹಾಡಿದವನಲ್ಲ. ಆದರೂ ಹಾಡಿ ತೋರಿಸಬೇಕಾಯಿತು. ತೊಟ್ಟಿಲು ಕಂಡೆ, ಕೂಸು ಕಂಡೆ, ಹಗ್ಗ ಹೊಸೆದ ಕೈ ಕಾಣೆ. ಅಲ್ಲಿಗೆ ದಮ್ಮಡಿ ನಿಲ್ಲಿಸಿದ.

“ಮುಂದ?” ಅಂದರು ಜನ.

“ಮುಂದ ಇಲ್ಲ.”

“ಮುಂದ ಇಲ್ಲಂದ್ರ ಹೆಂಗಪ್ಪಾ? ಪದ ಅಂದ ಮ್ಯಾಲ ಮುಂದ ಇರ್ಬೇಕು.”

“ನನಗೇನ್ ಕೇಳ್ತೀರಿ, ಕರೇಬಂಡಿ ಗೌಡನ್ನ ಕೇಳ್ರಿ!” ಅಂತ ಸಿಡುಕಿ ಎದ್ದ.

ಸುಳ್ಳು ಹೇಳಿದ್ದ ಮೊದಲ ಊರಿಗೂ ತಿರುಗಿ ಹೋಗಬೇಕಾಯಿತು, ಹನ್ನೆರಡು ಊರಲ್ಲೂ ಇದೇ ಆಯಿತು. ಹನ್ನೆರಡು ಊರಲ್ಲೂ ತನ್ನ ತಪ್ಪು ಹೇಳಿ, ಕೆಟ್ಟ ದನಿಯಲ್ಲಿ ಅರ್ಧ ಪದ ಹಾಡಿ, ಬೈಸಿಕೊಂಡು ಎದ್ದ. ಆ ಅರ್ಧ ಪದವೋ, ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ, ಯಾರನ್ನೂ ಬಿಡಲಿಲ್ಲ. ಬೀಸುವ ಹೆಂಗಸರು ಅದನ್ನೇ ಎತ್ತುತ್ತಿದ್ದರು, ‘ಕಾಣೆ’ ಅಂದ ಕೂಡಲೇ ಮುಂದೆ ಗೊತ್ತಿಲ್ಲದೆ ಕೈ ನಿಲ್ಲಿಸುತ್ತಿದ್ದರು. ಹೊಲದಲ್ಲಿ ಕಳೆ ತೆಗೆಯುವವರು ಅಲ್ಲಿಗೇ ಬಂದು ನಿಂತು ಉಗುಳುತ್ತಿದ್ದರು. ಸೀಮೆಗೆ ಸೀಮೆಯೇ ರೇಗಿತಂತೆ.

ಇತ್ತ ಗೌಡ ಕೇರಿಯವರಿಗೆ ಕೆಲಸ ನಿಲ್ಲಿಸಿದ. ಒಲೆಗಳು ಆರಿದವು. ಗಾಳೆವ್ವ ದಿನಾ ಬೆಳಗಾದರೆ ಹುಲಿಗೆವ್ವನಿಗೆ ಮಂತ್ರದ ಹಾಗೆ ಬೈಯುತ್ತಿದ್ದಳು. “ನಿನ್ನ ಪದ ಮುದ್ದಿ ಆಗತೈತೇನು? ತಿನ್ನಾಕ ಬರತೈತೇನು?” ಹುಲಿಗೆವ್ವ ಅವಳ ಪಕ್ಕ ಕೂತು ಹಗ್ಗ ಹೊಸೆಯುವುದನ್ನು ಕಲಿತಳು, ಸೊಟ್ಟಸೊಟ್ಟಗೆ ಹೊಸೆದು ಅದಕ್ಕೂ ಬೈಸಿಕೊಂಡಳು. ಮೌಲಪ್ಪನೇ ಹೋದೂರಿಂದೆಲ್ಲ ಜೋಳದ ಚೀಲ ಹೊತ್ತು ಬಂದು ಹನ್ನೊಂದು ಮನೆಗೆ ಹಂಚುತ್ತಿದ್ದ. ಪ್ರತಿಸಲವೂ, ಇದೇ ಕಡೇ ಸಲ, ಇನ್ನು ನಾನು ಹೊರುವುದಿಲ್ಲ ಅನ್ನುತ್ತಿದ್ದ. ಮರುವಾರ ಮತ್ತೆ ಹೊರುತ್ತಿದ್ದ.

ವಾಡೆಯಲ್ಲಿ ಕೂಸು ಅವತ್ತಿನಿಂದ ನಿದ್ದೆ ಮಾಡಲಿಲ್ಲ ಅಂತ ಹೇಳುತ್ತಾರೆ. ಅದಕ್ಕೆ ಹೊಟ್ಟೆನೋವಿತ್ತು ಅಂತಲೂ ಹೇಳುತ್ತಾರೆ. ಏನಾದರಾಗಲಿ, ಅತ್ತದ್ದು ಖರೆ. ಗೌಡನ ಹೆಂಡತಿ ತೊಟ್ಟಿಲು ತೂಗುವಾಗ ತನಗೇ ಗೊತ್ತಿಲ್ಲದೆ ಅದೇ ಪದ ಎತ್ತುವಳು, ಅರ್ಧಕ್ಕೆ ನಿಲ್ಲಿಸುವಳು, ನಿಲ್ಲಿಸಿದ ಕೂಡಲೇ ಕೂಸು ಮತ್ತೆ ಅಳುವುದು. ಎರಡೂವರೆ ತಿಂಗಳು ದೊಡ್ಡ ಗೌಡಶಾನಿ ಕಿವಿಗೆ ಅರಳೆ ಇಟ್ಟುಕೊಂಡು ಕೂತಳು.

ಕೊನೆಗೊಂದು ಬೆಳಿಗ್ಗೆ ಹನ್ನೆರಡೂರಿನ ಹಿರಿಯರು ಕರೇಬಂಡಿಯ ಗುಡ್ಡ ಹತ್ತಿದರು. ನ್ಯಾಯ ಹೇಳಲು ಬಂದವರಲ್ಲ, ರೇಗಿ ಬಂದವರು. ನಿನ್ನ ಗೋಡೆಯ ದೆಸೆಯಿಂದ ನಮ್ಮೂರಿಗೆ ಹುಲಿಗೆವ್ವ ಬರುತ್ತಿಲ್ಲ, ಪದವೂ ಇಲ್ಲ, ಕೆರೆ ಕೆಲಸವೂ ಇಲ್ಲ ಅಂತ ಗೌಡನ ಮುಂದೆ ಕೂತರು. ಗೌಡ, ಗೋಡೆ ನನ್ನದು, ಅಂಗಳ ನನ್ನದು, ಮುತ್ತಜ್ಜನ ಕಾಲದಿಂದ ಬಂದದ್ದು ಅಂತ ಶುರು ಮಾಡಿದ. ಅವನ ಮಾತು ಮುಗಿದಿರಲಿಲ್ಲ, ಹಿಂದೆ ದಡಲ್ ಅಂತ ಸದ್ದಾಯಿತು. ತಿರುಗಿ ನೋಡಿದರೆ ದೊಡ್ಡ ಗೌಡಶಾನಿ ಏಣಿ ಹತ್ತಿ ನಿಂತು, ಗೋಡೆಗೆ ಹಾರೆ ಹಾಕಿ ಮೇಲಿನ ಕಲ್ಲೊಂದನ್ನು ಕೆಡವಿದ್ದಳು.

“ಯವ್ವಾ! ಏನ್ ಮಾಡಾಕತ್ತಿ?”

“ಕಿವಿ ಸತ್ತಾವೋ ನನಗ! ಅರ್ಧ ಪದ ಕೇಳಿ ಕೇಳಿ ಹುಚ್ಚು ಹಿಡಿಯೂದೊಂದು ಬಾಕಿ ಐತಿ. ನಿನ್ನ ಹೇಣ್ತಿ ಹಾಡ್ತಾಳ, ದನ ಕಾಯವ ಹಾಡ್ತಾನ, ನಿನ್ನೆ ನಿದ್ದಿಗಣ್ಣಾಗ ನೀನೂ ಗುನುಗಿದಿ. ಆ ಗಾಳೆವ್ವ ಒಳಗ ಬಂದ್ರ ಏನ್ ಗ್ವಾಡಿ ಹೊತಗೊಂಡ್ ಹೋಗ್ತಾಳ? ಬರ್ಲಿ. ಮೊದಲ ಪದ ಮುಗೀಲಿ!”

ಗೌಡ ಊರಿಗೆ ಗೌಡ, ತಾಯಿಗೆ ಅಲ್ಲ. ಮುದುಕಿ ಎರಡನೆಯ ಕಲ್ಲಿಗೆ ಹಾರೆ ಹಾಕಿದಾಗ ಕಲ್ಲು ಅಲುಗಲಿಲ್ಲ. ಮೌಲಪ್ಪ ಅಲ್ಲೇ ಜೋಳದ ಚೀಲ ಇಳಿಸಿ ನಿಂತಿದ್ದವನು, “ಸರೀರಿ ಯವ್ವಾ, ಕೊಡ್ರಿ ಇಲ್ಲೆ,” ಅಂತ ಹಾರೆ ಇಸಿದುಕೊಂಡ. ಈ ಸಲ ಅವನಿಗೆ ಯಾರೂ ಹೇಳಿರಲಿಲ್ಲ. ಹನ್ನೆರಡೂರಿನವರೂ ಕೈ ಹಾಕಿದರು. ಹೊತ್ತು ನೆತ್ತಿಗೆ ಬರುವುದರೊಳಗೆ ಜೋಡೆತ್ತಿನ ಬಂಡಿ ಹೋಗುವಷ್ಟು ದಾರಿಯಾಯಿತು.

ಜಮಖಾನೆ ಹಾಸಿದರು. ಕೇರಿಯವರು ಒಬ್ಬೊಬ್ಬರೇ ಹೆದರುತ್ತ ಬಂದು ಅಂಚಿಗೆ ಕೂತರು. ಗಾಳೆವ್ವ ಬರಲಿಲ್ಲ. ಹೇಳಿ ಕಳಿಸಿದರು. “ನೀವು ಕಲ್ಲು ಕೆಡವಿದ ಕೂಡ್ಲೆ ನಾ ಓಡಿ ಬರ್ಬೇಕೇನು? ಹಗ್ಗ ನಡುಮಧ್ಯ ಐತಿ, ಮುಗಿಸಿ ಬರ್ತೀನಿ,” ಅಂದಳಂತೆ. ಗೌಡ, ಗೌಡಶಾನಿ, ಹನ್ನೆರಡೂರಿನ ಹಿರಿಯರು ಎಲ್ಲರೂ ಬಿಸಿಲಲ್ಲಿ ಬೆವರು ಒರೆಸುತ್ತ ಕಾದರು. ಅವಳು ಹಗ್ಗ ಮುಗಿಸಿ, ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ನಿಧಾನಕ್ಕೆ ಗೋಡೆಯ ಸಂದಿಯಿಂದ ನಡೆದು ಬಂದು, ದೊಡ್ಡ ಗೌಡಶಾನಿಯ ಪಕ್ಕದಲ್ಲೇ ಕೂತಳು.

ಹುಲಿಗೆವ್ವ ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದಲೇ ಎತ್ತಿದಳು. ಸೊಲ್ಲು ಹಿಡಿದವಳು ಗಾಳೆವ್ವ. ಮೌಲಪ್ಪ ಆವತ್ತು ಬಾರಿಸಿದ ಹಾಗೆ ಮತ್ತೆಂದೂ ಬಾರಿಸಲಿಲ್ಲವಂತೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, “ಧೂಳು ಬಿದ್ದೈತಿ, ಗ್ವಾಡಿ ಧೂಳು,” ಅನ್ನುತ್ತಿದ್ದನಂತೆ. ಆ ಉಳಿದರ್ಧ ಪದ ಏನಿತ್ತು ಅಂತ ಕೇಳಿದರೆ ಒಂದೊಂದೂರಿನವರು ಒಂದೊಂದು ಹೇಳುತ್ತಾರೆ. ಕೂಸು ಮಾತ್ರ ಮಲಗಿತು ಅನ್ನುವುದರಲ್ಲಿ ಎಲ್ಲರದೂ ಒಂದೇ ಮಾತು.

ಅಷ್ಟಕ್ಕೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮರುವರ್ಷ ಗೌಡ ಆ ದಾರಿಗೆ ಅಡ್ಡ ಮುಳ್ಳುಬೇಲಿ ಹಾಕಿದ. ಮೌಲಪ್ಪ ಹಣೆ ಬಡಿದುಕೊಳ್ಳುತ್ತ ಹೋಗಿ ಕಿತ್ತು ಬಂದ. ಅದರ ಮರುವರ್ಷ ದನದ ಕೊಟ್ಟಿಗೆ ಕಟ್ಟಿಸಲು ಹೊರಟ. ಮತ್ತೆ ಹೋದ. ಬದುಕಿರುವತನಕ ವರ್ಷಕ್ಕೆರಡು ಸಲ ಮೌಲಪ್ಪ ಆ ಗುಡ್ಡ ಹತ್ತಿದ, ಪ್ರತಿಸಲವೂ ಬೈಯುತ್ತಲೇ ಹತ್ತಿದ. ಹುಲಿಗೆವ್ವನ ಗದ್ದುಗೆ ನಮ್ಮಲ್ಲಿದೆ ಅಂತ ಮೂರೂರಿನವರು ಹೇಳಿಕೊಳ್ಳುತ್ತಾರೆ. ಮೌಲಪ್ಪನ ಗದ್ದುಗೆ ಎಲ್ಲೂ ಇಲ್ಲ.

ಆದರೆ ಇವತ್ತಿಗೂ ಆ ಸೀಮೆಯಲ್ಲಿ ತತ್ವಪದಕ್ಕೆ ಕೂತವರು ನಡುವೆ ಒಂದು ಪದವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಹಾಡುವವರು ದಮ್ಮಡಿಯವನ ಕಡೆ ತಿರುಗಿ, “ತಮ್ಮಾ, ನೋಡೀದ್ಯಾ?” ಅಂತ ಕೇಳುತ್ತಾರೆ. ಅವನು ಕೂತಲ್ಲೇ ‘ನೋಡೀನಿ’ ಅನ್ನುವಂತಿಲ್ಲ. ಗೊಣಗುತ್ತ ಏಳಬೇಕು, ದಮ್ಮಡಿ ಕೆಳಗಿಡಬೇಕು, ಊರನ್ನು ಒಂದು ಸುತ್ತು ಹಾಕಿ, ಹೊರಗೆ ನಿಂತವರು ಯಾರಿದ್ದರೂ ಕರೆದುಕೊಂಡು ಬರಬೇಕು. ಎಷ್ಟು ಹೊತ್ತಾದರೂ ಆಗಲಿ. ಮಕ್ಕಳು ತೂಕಡಿಸುತ್ತವೆ, ಮುದುಕರು ಆಕಳಿಸುತ್ತಾರೆ, ಎಲ್ಲಿ ಹಾಳಾಗಿ ಹೋದನಪ್ಪಾ ಇವನು ಅಂತ ಬೈಯುತ್ತಾರೆ. ಬೈಯುತ್ತಲೇ ಕಾಯುತ್ತಾರೆ. ಅವನು ಬರುವತನಕ ಸೊಲ್ಲನ್ನು ಯಾರೂ ಎತ್ತುವುದಿಲ್ಲ.